ಜೋಳಕ್ಕೆ ಹದಿನೈದು, ರಾಗಿಗೆ ಐದು

ನಾನು ಯಲಹಂಕದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಆಫೀಸಿನಲ್ಲಿ ಹೊಸ ವರ್ಷಕ್ಕೆ ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ರೂಢಿ ಇದೆ. ಕೊಟ್ಟವರು ಯಾರೆಂದು ಹೇಳುವಂತಿಲ್ಲ. ಒಂದು ವರ್ಷ ನನ್ನ ಮೇಜಿನ ಮೇಲೆ ಬಂದು ಕೂತದ್ದು ಉದ್ದನೆಯ ರಟ್ಟಿನ ಡಬ್ಬಿ. ಸೀರೆ ಇರಬಹುದು ಎಂದುಕೊಂಡು ಅಲ್ಲಾಡಿಸಿದರೆ ಒಳಗಿನಿಂದ ಶೇಂಗಾ ಅಲ್ಲಾಡಿದ ಹಾಗೆ ಗಲಗಲ ಸದ್ದು. ಬಿಚ್ಚಿ ನೋಡಿದೆ. ಮನೆಗಳನ್ನು ಬರೆದ ಒಂದು ಹಲಗೆ, ಒಂದು ಬಟ್ಟೆ ಚೀಲ, ಚೀಲದ ತುಂಬ ಇಂಗ್ಲಿಷ್ ಅಕ್ಷರದ ಸಣ್ಣ ಬಿಲ್ಲೆಗಳು. ಒಂದೊಂದು ಬಿಲ್ಲೆಯ ಮೂಲೆಯಲ್ಲೂ ಆ ಅಕ್ಷರಕ್ಕೆ ಎಷ್ಟು ಪಾಯಿಂಟು ಎಂದು ಸಣ್ಣದಾಗಿ ಬರೆದಿತ್ತು. ಕೈಗೆ ಬಂದ ಏಳು ಬಿಲ್ಲೆಗಳಲ್ಲಿ ಪದ ಕಟ್ಟಬೇಕು, ಅದನ್ನು ಹಲಗೆಯ ಮೇಲಿರುವ ಪದಕ್ಕೆ ತಾಗಿಸಿ ಇಡಬೇಕು. ಆಟ ಇಷ್ಟೇ.

ನಮ್ಮದು ಬಾಗಲಕೋಟೆ ಕಡೆಯ ಊರು. ಡಿಗ್ರಿ ಮುಗಿಯುವ ತನಕ ನಾನು ಓದಿದ್ದೆಲ್ಲ ಕನ್ನಡದಲ್ಲೇ. ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಓದುತ್ತೇನೆ, ಬರೆಯುತ್ತೇನೆ, ಆದರೆ ಯಾರಾದರೂ ಎದುರು ನಿಂತು ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಗಂಟಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಆ ಡಬ್ಬಿಯನ್ನು ಮನೆಗೆ ತಂದಾಗ ನನಗೆ ಅಂಥ ಉತ್ಸಾಹವೇನಿರಲಿಲ್ಲ.

ಮಾರನೆಯ ದಿನ ನಮ್ಮ ಯಜಮಾನರು ಒಂದು ಬಿಲ್ಲೆ ಎತ್ತಿ ತಿರುಗಿಸಿ ನೋಡಿದರು. "ಇದರಾಗ ಕನ್ನಡ ಇಲ್ಲೇನು?" ಎಂದರು.

"ಇಲ್ರಿ."

"ಹಂಗಾರ ನನ್ನ ಬಿಡು" ಎಂದು ಬಿಲ್ಲೆಯನ್ನು ಚೀಲಕ್ಕೆ ಹಾಕಿ, ಗೊರಗುಂಟೆಪಾಳ್ಯದ ಫ್ಯಾಕ್ಟರಿಗೆ ಮಧ್ಯಾಹ್ನದ ಪಾಳಿಗೆ ಹೊರಟುಹೋದರು.

ಅವತ್ತು ಭಾನುವಾರ. ಮಗ ಧಾರವಾಡದ ಹಾಸ್ಟೆಲಿನಲ್ಲಿದ್ದ. ಮನೆಯಲ್ಲಿ ನಾನೊಬ್ಬಳೇ. ಕೋಗಿಲಿನಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಬಾಗಿಲ ಮುಂದಿನ ಜಾಗದಲ್ಲಿ ಚಾಪೆ ಹಾಸಿ, ಹಲಗೆ ಬಿಚ್ಚಿ, ಎರಡೂ ಕಡೆ ನಾನೇ ಆಡುತ್ತ ಕೂತೆ. ಆಗ ನೀರಿನ ಟ್ಯಾಂಕ್ ತುಂಬಿತೋ ಇಲ್ಲವೋ ನೋಡಲು ಮನೆ ಮಾಲೀಕರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಕ್ಕಾ ಎಂದೇ ಕರೆಯುವುದು. ಅವರ ಮನೆತನ ಕೋಗಿಲಿನಲ್ಲಿ ಹಿಂದಿನಿಂದ ಬೇಸಾಯ ಮಾಡಿಕೊಂಡು ಬಂದದ್ದು. ಈಗ ಹೊಲವೆಲ್ಲ ಸೈಟಾಗಿ, ಸೈಟುಗಳ ಮೇಲೆ ಮನೆಗಳೆದ್ದು, ಅಕ್ಕ ತಾವೇ ಕಾರು ಓಡಿಸಿಕೊಂಡು ಬಾಡಿಗೆ ಮನೆಗಳ ರಿಪೇರಿ ನೋಡಿಕೊಳ್ಳುತ್ತಾರೆ.

"ಏನ್ ಮೇಡಂ ಇದು, ಚೌಕಾಬಾರ ಇದ್ದಂಗೈತೆ?"

"ಇಂಗ್ಲಿಷ್ ಪದ ಕಟ್ಟೂ ಆಟ ಅಕ್ಕಾರ. ಬರ್ರಿ, ಕುಂದರ್ರಿ."

"ನಾನಾ? ಎಸ್ಸೆಸ್ಸೆಲ್ಸಿನಾಗೆ ಇಂಗ್ಲಿಷೊಂದ್ರಲ್ಲೇ ಫೇಲಾದೋಳು ನಾನು. ಅದಕ್ಕೇ ನಮ್ಮಪ್ಪ ಮದ್ವೆ ಮಾಡಿ ಕಳ್ಸಿದ್ದು."

ಹಾಗೆ ಹೇಳುತ್ತಲೇ ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಕೂತರು. ಚೀಲಕ್ಕೆ ಕೈ ಹಾಕಿ ಏಳು ಬಿಲ್ಲೆ ತೆಗೆದು, ಅವುಗಳನ್ನು ಅತ್ತಿತ್ತ ಸರಿಸುತ್ತ ಸುಮಾರು ಹೊತ್ತು ನೋಡಿದರು. ಆಮೇಲೆ ನಾಲ್ಕು ಬಿಲ್ಲೆಗಳನ್ನು ಸಾಲಾಗಿ ಇಟ್ಟರು. ಎಸ್, ಐ, ಟಿ, ಇ.

"ಸೈಟು" ಎಂದರು. "ಇದು ಇಂಗ್ಲಿಷೇ ಅಲ್ವಾ?"

ನನ್ನ ಕೈಯಲ್ಲಿದ್ದ ಅಕ್ಷರಗಳನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರ ಸೈಟಿನ ಟಿ ಹಿಡಿದುಕೊಂಡು ಕೆಳಗಿನವರೆಗೆ ಟೆನೆಂಟ್ ಎಂದು ಇಟ್ಟೆ. ಬಾಡಿಗೆದಾರಳು. ಅಕ್ಕ ಓದಿ, ಅರ್ಥವಾಗಿ, ಗೋಡೆಗೆ ಒರಗಿಕೊಂಡು ನಕ್ಕರು. ಮೇಲೆ ಟ್ಯಾಂಕ್ ತುಂಬಿ ನೀರು ಸುರಿಯುವ ಸದ್ದು ಕೇಳಿದ ಮೇಲೇ ನಾವಿಬ್ಬರೂ ಎದ್ದದ್ದು.

ಅಲ್ಲಿಂದ ಶುರುವಾಯಿತು. ನಾನು ಆಫೀಸಿನಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಅಕ್ಕ ಮೆಟ್ಟಿಲಲ್ಲಿರುತ್ತಿದ್ದರು. ಮೊದಮೊದಲು ಇಬ್ಬರದೂ ಮೂರಕ್ಷರ, ನಾಲ್ಕಕ್ಷರದ ಪದಗಳೇ. ಪದ ಸರಿಯೋ ತಪ್ಪೋ ನೋಡಲು ಫೋನಿನಲ್ಲಿ ಆ ಆಟದ್ದೇ ನಿಘಂಟು ಹಾಕಿಕೊಂಡಿದ್ದೆ. ಒಂದು ಸಂಜೆ ನನ್ನ ಕೈಗೆ ಜೆ ಮತ್ತು ಡಬ್ಲ್ಯೂ ಒಟ್ಟಿಗೆ ಬಂದು ಕೂತವು. ಜೊತೆಗೆ ಓ, ಎ, ಆರ್. ಎಷ್ಟು ತಿಣುಕಿದರೂ ಏನೂ ಹೊಳೆಯಲಿಲ್ಲ. ಕೊನೆಗೆ, ಊರ ಕಡೆಯ ಬೀಜದ ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದದ್ದು ನೆನಪಾಗಿ, ಸುಮ್ಮನೆ ಫೋನಿನಲ್ಲಿ ಜೋವಾರ್ ಎಂದು ಒತ್ತಿದೆ. ಇತ್ತು. ಜೋಳ ಇಂಗ್ಲಿಷ್ ಪದವಾಗಿ ನಿಘಂಟಿನಲ್ಲಿ ಕೂತಿತ್ತು.

"ಅಕ್ಕಾರ, ನಮ್ಮ ಜ್ವಾಳ ಐತಿ ನೋಡ್ರಿ ಇದರಾಗ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗದ ಹಾಗಿತ್ತು.

ಅಕ್ಕ ಫೋನು ಕಸಿದುಕೊಂಡರು. "ಅಂಗಾದ್ರೆ ರಾಗಿ ನೋಡು."

ರಾಗಿಯೂ ಇತ್ತು. ಅಕ್ಕನ ಮುಖ ಅರಳಿತು. ಆಮೇಲೆ ಪಾಯಿಂಟು ಕೂಡಿದೆವು. ಜೆ ಅಕ್ಷರಕ್ಕೆ ಎಂಟು, ಡಬ್ಲ್ಯೂಗೆ ನಾಲ್ಕು. ಒಟ್ಟು ಜೋಳಕ್ಕೆ ಹದಿನೈದು. ರಾಗಿಗೆ ಬರೀ ಐದು.

"ಇದ್ಯಾವ ನ್ಯಾಯ? ನಿಮ್ ಜೋಳಕ್ಕೆ ಅದಿನೈದು, ನಮ್ ರಾಗಿಗೆ ಐದಾ? ಮುದ್ದೆ ತಿನ್ನೋರು ಅಂದ್ರೆ ಇವ್ರಿಗೆ ಅಷ್ಟು ಸದರನಾ?" ಎಂದು ಅಕ್ಕ ನಿಜವಾಗಿಯೇ ಸಿಟ್ಟಾದರು. ಮಾರನೆಯ ಸಂಜೆ ಓಡುತ್ತ ಬಂದು, ರಾಗಿಗೆ ಇನ್ನೊಂದು ಸ್ಪೆಲ್ಲಿಂಗೂ ಇದೆ ಎಂದು ತೋರಿಸಿದರು. ಎರಡು ಜಿ, ಎರಡು ಇ, ಒಟ್ಟು ಆರಕ್ಷರ. ಉಸಿರು ಬಿಗಿಹಿಡಿದು ಕೂಡಿದೆವು. ಎಂಟು. ಜೋಳದ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಆದರೆ ಆ ಜಗಳ ನಮಗೊಂದು ಬಾಗಿಲು ತೆರೆಯಿತು. ನಮ್ಮ ಮನೆಯ ಮಾತುಗಳು ಇಂಗ್ಲಿಷಿನೊಳಗೆ ಎಲ್ಲೆಲ್ಲಿ ಸೇರಿಕೊಂಡಿವೆ ಎಂದು ಹುಡುಕುವುದೇ ಒಂದು ಹುಚ್ಚಾಯಿತು. ಇಡ್ಲಿ ಸಿಕ್ಕಿತು, ದೋಸೆ ಸಿಕ್ಕಿತು. ಬಂದ್ ಸಿಕ್ಕಿತು, ಘೇರಾವ್ ಸಿಕ್ಕಿತು. ತಹಶೀಲ್ದಾರ್ ಎಂಬ ಪದ ಸಿಕ್ಕ ದಿನ ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡೆರಡು ಸಲ ಓದಿದರು. ಪಹಣಿಗೆಂದು ಆ ಆಫೀಸಿನ ಮುಂದೆ ನಿಂತು ನಿಂತು ಸುಸ್ತಾದವರು ಅವರು. "ಇಲ್ಲೂ ಬಂದು ಕೂತವ್ನಾ ಆ ವಯ್ಯ" ಎಂದರು ಕೊನೆಗೆ.

ಉದ್ದದ ಪದಗಳ ಚಟ ಹತ್ತಿದ್ದು ಬೆಳಗಿನ ವಾಕಿಂಗಿನಲ್ಲಿ. ಯಲಹಂಕ ಕೆರೆಯ ಸುತ್ತ ನಡೆಯುವಾಗ ಒಬ್ಬೊಬ್ಬರೂ ಒಂದು ಉದ್ದನೆಯ ಪದ, ಅದರ ಅರ್ಥ ತರಬೇಕು. ದಾರಿಯಲ್ಲಿ ಕಂಡದ್ದಕ್ಕೆ ಅದನ್ನು ಹೊಂದಿಸಬೇಕು. ನಾನು ಮೊದಲು ತಂದದ್ದು ಬಾರ್ಬರಿಗ್ಮಸ್. ಹಸಿದಾಗ ಹೊಟ್ಟೆ ಗುರ್ರೆನ್ನುವ ಸದ್ದಿಗೆ ಆ ಹೆಸರು. ಅಕ್ಕ ಅದನ್ನು ಹೇಳಿಕೊಂಡು ಹೇಳಿಕೊಂಡು ನಡೆದರು; ವಾಪಸ್ ಬರುವಾಗ ಹೋಟೆಲಿನ ಎದುರು ನಿಂತು, "ನಂಗೆ ಬಾರ್ಬರಿಗ್ಮಸ್ ಶುರುವಾಯ್ತು, ಬಾ" ಎಂದು ಒಳಗೆ ಕರೆದುಕೊಂಡು ಹೋಗಿ ಇಡ್ಲಿ ವಡೆ ಕೊಡಿಸಿದರು. ಅವರು ತಂದದ್ದು ಪೆರೆಂಡಿನೇಟ್. ಅಂದರೆ ಕೆಲಸವನ್ನು ನಾಳೆಗಲ್ಲ, ನಾಡಿದ್ದಿಗೆ ತಳ್ಳುವುದು. "ನಮ್ ಪ್ಲಂಬರ್‌ಗೆ ಏಳ್ ಮಾಡ್ಸಿದ್ದು" ಎಂದರು. ಅವತ್ತೇ ಪ್ಲಂಬರ್‌ಗೆ ಫೋನು ಮಾಡಿ, "ಏನಪ್ಪಾ, ಇವತ್ತೂ ಪೆರೆಂಡಿನೇಟಾ?" ಎಂದು ಕೇಳಿದರು. ಆತ ಅದು ಯಾವುದೋ ಪೈಪಿನ ಕಂಪನಿ ಎಂದುಕೊಂಡು, "ಇಲ್ಲಮ್ಮ, ಆ ಐಟಂ ನಮ್ಮತ್ರ ಬರಲ್ಲ" ಎಂದನಂತೆ.

ಗಾಂಗೂಜ್ಲರ್ ಎಂಬ ಪದವೂ ಸಿಕ್ಕಿತು. ಕಾಲುವೆ ದಂಡೆಯಲ್ಲಿ ಕೆಲಸವಿಲ್ಲದೆ ನಿಂತು ದೋಣಿ ಹೋಗುವುದನ್ನು ನೋಡುವವನು ಎಂದು ಅರ್ಥ. ಕೋಗಿಲಿನಲ್ಲಿ ಕಾಲುವೆಯೂ ಇಲ್ಲ, ದೋಣಿಯೂ ಇಲ್ಲ. ಇದನ್ನು ಯಾರಿಗೆ ಹೊಂದಿಸುವುದು ಎಂದು ಯೋಚಿಸುತ್ತಿದ್ದೆ. ಕೋಗಿಲು ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿತ್ತು, ಸುತ್ತ ಹತ್ತಾರು ಗಂಡಸರು ಕೈಕಟ್ಟಿ ನಿಂತು ನೋಡುತ್ತಿದ್ದರು. ಅಕ್ಕ ಮೊಣಕೈಯಿಂದ ನನ್ನನ್ನು ತಿವಿದರು.

ಇಷ್ಟರಲ್ಲಿ ಅವರು ನನ್ನನ್ನು ಮೇಡಂ ಎನ್ನುವುದು ಬಿಟ್ಟು ಅಮ್ಮಿ ಎನ್ನತೊಡಗಿದ್ದರು. ಆಟದಲ್ಲೂ ಅವರದೇ ಒಂದು ದಾರಿ ಮಾಡಿಕೊಂಡಿದ್ದರು. ಹಲಗೆಯ ನಾಲ್ಕು ಮೂಲೆಯ ಮನೆಗಳಲ್ಲಿ ಅಕ್ಷರ ಬಿದ್ದರೆ ಪದಕ್ಕೆ ಮೂರು ಪಟ್ಟು ಪಾಯಿಂಟು. ನಾನು ಚೆಂದದ ಪದ ಹುಡುಕುತ್ತ ಕೂತರೆ ಅಕ್ಕ ಮೂಲೆಯ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು. "ಮೂಲೆ ಸೈಟ್‌ನ ಯಾವತ್ತೂ ಬಿಟ್ಕೊಡಬಾರ್ದು ಕಣಮ್ಮಿ" ಎನ್ನುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸಹೋದ್ಯೋಗಿ ಒಬ್ಬಳು ಸುದ್ದಿ ತಂದಳು. ಕೆಂಪಾಪುರದಲ್ಲಿ ಅವಳಿರುವ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಈ ಆಟದ ಸ್ಪರ್ಧೆ. ಜೋಡಿಯಾಗಿ ಆಡಬೇಕು, ಹೊರಗಿನವರೂ ಬರಬಹುದು. "ನೀವೂ ನಿಮ್ಮ ಓನರ್ ಅಕ್ಕನೂ ಬನ್ನಿ ಮೇಡಂ, ಮಜಾ ಇರತ್ತೆ" ಎಂದಳು.

ಅಕ್ಕನಿಗೆ ಹೇಳಿದರೆ ತಲೆ ಅಲ್ಲಾಡಿಸಿಬಿಟ್ಟರು. "ಅಲ್ಲಿ ಎಲ್ಲಾ ಟಸ್ಸುಪುಸ್ಸು ಅಂತ ಮಾತಾಡೋರು. ನಾನ್ ಬರಕಿಲ್ಲ."

"ಮಾತಾಡೂದು ಎಲ್ಲೈತ್ರಿ ಅಕ್ಕಾರ? ಬಿಲ್ಲೆ ಇಡೂದು ಅಷ್ಟ."

ಅಕ್ಕ ಕೆಳಗಿಳಿದು ಹೋದರು. ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿಸಿತು. "ಅಮ್ಮೀ, ಯಾವ್ ಸೀರೆ ಉಟ್ಕಳದು?"

ಭಾನುವಾರ ಅಕ್ಕನ ಕಾರಿನಲ್ಲೇ ಹೊರಟೆವು. ಕೋಗಿಲು ಕ್ರಾಸ್ ದಾಟಿ ಏರ್‌ಪೋರ್ಟ್ ರಸ್ತೆ ಹಿಡಿದ ಕೂಡಲೇ ಅವರು ಎರಡಕ್ಷರದ ಪದಗಳನ್ನು ಒಪ್ಪಿಸತೊಡಗಿದರು. ಕ್ಯೂ ಐ, ಜೆಡ್ ಎ, ಎಕ್ಸ್ ಐ. ಆ ರಭಸದಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ಹಿಂದೆಯೇ ಉಳಿಯಿತು. ಹೆಬ್ಬಾಳದ ತನಕ ಹೋಗಿ ಸುತ್ತಿ ಬಂದೆವು. ಅಕ್ಕ ಬೇಸರಿಸಿಕೊಳ್ಳಲಿಲ್ಲ. "ಒಳ್ಳೇದೇ ಆಯ್ತು, ಇನ್ನೊಂದು ಸುತ್ತು ಓದ್ಕಂಡಂಗಾಯ್ತು" ಎಂದರು.

ಕ್ಲಬ್‌ಹೌಸಿನ ಹಾಲಿನಲ್ಲಿ ಉದ್ದಕ್ಕೂ ಮೇಜು ಹಾಕಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಪರಿಚಯದವರು. ನಾವಿಬ್ಬರು ಮಾತ್ರ ರೇಷ್ಮೆ ಸೀರೆಯಲ್ಲಿ ಮದುವೆ ಮನೆಗೆ ಬಂದವರ ಹಾಗಿದ್ದೆವು. ಪ್ರತಿ ಜೋಡಿಗೂ ಮೂರು ಆಟ. ಮೊದಲನೆಯದರಲ್ಲಿ ಕಾಲೇಜು ಓದುವ ಇಬ್ಬರು ಹುಡುಗಿಯರು ಎದುರಾದರು. ಎರಡು ಮೂಲೆ ಅಕ್ಕನ ಪಾಲಾಗಿ ನಾವು ಗೆದ್ದೆವು. ಎರಡನೆಯದರಲ್ಲಿ ಅಣ್ಣ ತಮ್ಮ ಜೋಡಿ ನಮ್ಮನ್ನು ಚೆನ್ನಾಗಿಯೇ ಸೋಲಿಸಿತು. ಮೂರನೆಯದಕ್ಕೆ ಆರ್.ಟಿ. ನಗರದಿಂದ ಬಂದಿದ್ದ ವಯಸ್ಸಾದ ಗಂಡ ಹೆಂಡತಿ. ಮದುವೆಯಾದಾಗಿನಿಂದ ಇದೇ ಆಟ ಆಡಿಕೊಂಡು ಬಂದವರಂತೆ. ಕೂರುವ ಮೊದಲೇ ಆಕೆ ಡಬ್ಬಿಯಿಂದ ಕೋಡುಬಳೆ ತೆಗೆದು ನಮ್ಮ ಕೈಗಿಟ್ಟರು.

ಆಟ ಸಮಸಮ ನಡೆಯಿತು. ಅವರು ಮುಂದೆ ಹೋದರೆ ನಾವು, ನಾವು ಮುಂದೆ ಹೋದರೆ ಅವರು. ಅರ್ಧ ಆಟ ಕಳೆದ ಮೇಲೆ, ಹಲಗೆಯ ಕೊನೆಯ ಸಾಲಿನಲ್ಲಿ ನಡುವಿನ ಮನೆಯಿಂದ ಹಿಡಿದು ನಾವು ನಾಲ್ಕಕ್ಷರ ಇಟ್ಟೆವು. ಆರ್, ವೈ, ಓ, ಟಿ.

ಎದುರು ಕೂತಿದ್ದ ಆ ಯಜಮಾನರು ಕನ್ನಡಕ ಸರಿಮಾಡಿಕೊಂಡರು. "ಗಲಾಟೆ ಅನ್ನೋ ಅರ್ಥದಲ್ಲಿ ಇಟ್ರೇನಮ್ಮಾ? ಅದಕ್ಕೆ ವೈ ಬರಲ್ಲ, ಐ ಬರಬೇಕು."

"ಗಲಾಟೆ ಅಲ್ರಿ ಸರ್, ರೈತ" ಎಂದೆ.

"ರೈತ ಕನ್ನಡ ಪದ ಅಲ್ವಾ? ಚೆಕ್ ಮಾಡ್ಸೋಣ ಬಿಡಿ" ಎಂದು ಕೈ ಎತ್ತಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಅನುಮಾನವಷ್ಟೇ ಇತ್ತು. ಸ್ಪರ್ಧೆಯ ನಿಯಮ ಹೀಗೆ: ಪದ ತಪ್ಪಾದರೆ ಇಟ್ಟವರ ಸರದಿ ಹೋಯಿತು, ಸರಿಯಾದರೆ ಕೇಳಿದವರ ಸರದಿ ಹೋಯಿತು. ನನ್ನ ಸಹೋದ್ಯೋಗಿ ಬಂದು ಫೋನಿನಲ್ಲಿ ನೋಡಿ, ಪದ ಇದೆ ಎಂದಳು. ಯಜಮಾನರು ನಕ್ಕು ಕೈಚೆಲ್ಲಿದರು. ನಮಗೆ ಮತ್ತೊಂದು ಸರದಿ ಸಿಕ್ಕಿತು.

ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದರು. "ಅಮ್ಮಿ, ರೈತನ ಪಕ್ಕಕ್ಕೆ ನಾಕು ಮನೆ ಖಾಲಿ ಐತೆ. ನಾಕನೇದು ಮೂಲೆ ಸೈಟು. ರೈತನ ಜೊತೆಗೆ ಏನಾರ ಬರ್ತದಾ?"

ಇಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಊರಿನ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು ನಮ್ಮಿಂದ ಒಕ್ಕೊರಲಲ್ಲಿ ಹೇಳಿಸುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು: ಜಮೀನ್ದಾರಿ, ಮಹಲ್ವಾರಿ, ರೈತವಾರಿ. ಬ್ರಿಟಿಷರ ಕಾಲದ ಕಂದಾಯ ಪದ್ಧತಿಗಳು. ವಾರಿ. ಡಬ್ಲ್ಯೂ, ಎ, ಆರ್, ಐ. ಬರೋಬ್ಬರಿ ನಾಲ್ಕಕ್ಷರ.

ನಮ್ಮ ಮುಂದಿದ್ದ ಬಿಲ್ಲೆಗಳಲ್ಲಿ ಡಬ್ಲ್ಯೂ ಇತ್ತು, ಎ ಇತ್ತು, ಐ ಇತ್ತು. ಆರ್ ಇರಲಿಲ್ಲ.

ಮೇಜಿನ ಕೆಳಗೆ ಅಕ್ಕನ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸಿದೆ. ಆ ಮೂರನ್ನು ಉಳಿಸಿಕೊಂಡು, ಮಿಕ್ಕ ಬಿಲ್ಲೆಗಳಿಂದ ಇನ್ನೆಲ್ಲೋ ಒಂದು ಸಣ್ಣ ಪದ ಇಟ್ಟೆವು. ಈಗ ಚೀಲದಿಂದ ಹೊಸ ಬಿಲ್ಲೆ ತೆಗೆಯಬೇಕು.

"ನೀನ್ ತೆಗಿ. ನಂಗ್ ಭಯ" ಎಂದರು ಅಕ್ಕ.

ಒಂದೊಂದಾಗಿ ತೆಗೆದೆ. ಇ. ಎನ್. ಮತ್ತೊಂದು ಇ. ಕೊನೆಯದನ್ನು ನಾನು ನೋಡಲೇ ಇಲ್ಲ, ನೇರ ಅಕ್ಕನ ಮುಂದೆ ಮಗುಚಿ ಇಟ್ಟೆ. ಅವರು ತಿರುಗಿಸಿದರು. ನನ್ನ ತೊಡೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಆರ್ ಬಂದಿದೆ ಎಂದು ನೋಡದೆಯೇ ತಿಳಿಯಿತು.

ಇನ್ನು ಎದುರಿನವರ ಸರದಿ. ಯಜಮಾನರ ಕೈ ಹಲಗೆಯ ಮೇಲೆ ಸುಳಿದಾಡಿತು. ನಮ್ಮ ಮೂಲೆಯ ಹತ್ತಿರ ಬಂತು. ಒಂದು ಎಸ್ ಇಟ್ಟರೂ ಸಾಕಿತ್ತು, ನಮ್ಮ ಕತೆ ಮುಗಿಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಕೂತರು. ಅಷ್ಟರಲ್ಲಿ ಅವರ ಹೆಂಡತಿ ಮೇಲುಗಡೆ ಎಲ್ಲೋ ಬೆರಳು ತೋರಿಸಿದರು. ಯಜಮಾನರು ಒಪ್ಪಿ ಅಲ್ಲಿ ಇಟ್ಟರು.

ನಾನು ಡಬ್ಲ್ಯೂ, ಎ, ಆರ್ ಇಟ್ಟೆ. ಕೊನೆಯ ಐ ಬಿಲ್ಲೆಯನ್ನು ಅಕ್ಕನ ಕೈಗೆ ಕೊಟ್ಟೆ. ಮೂಲೆಯ ಮನೆಯಲ್ಲಿ ಅವರೇ ಇಟ್ಟರು.

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಈ ಸಲ ಅವರು ಕೈ ಎತ್ತಲಿಲ್ಲ. ಹೆಂಡತಿಯೇ ಎತ್ತಿದರು. "ಸರದಿ ಹೋದ್ರೆ ಹೋಗ್ಲಿ ರೀ, ಇದೇನು ಅಂತ ನಂಗೆ ಗೊತ್ತಾಗ್ಬೇಕು" ಎಂದರು.

ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕನ್ನಡದಲ್ಲಿ ಬಾಯಿಪಾಠ ಮಾಡಿದ ಪದ. ಇಂಗ್ಲಿಷ್ ನಿಘಂಟಿನಲ್ಲಿ ಅದು ಇರಬೇಕೆಂದು ಯಾರು ಹೇಳಿದ್ದರು? ಸಹೋದ್ಯೋಗಿ ಅಕ್ಷರ ಒತ್ತಿದಳು. ಪಕ್ಕದ ಮೇಜಿನವರೂ ಎದ್ದು ಬಂದಿದ್ದರು. ಅವಳು ಹುಬ್ಬೇರಿಸಿ, ಫೋನನ್ನು ಆಕೆಯ ಕಡೆ ತಿರುಗಿಸಿದಳು. ಆಕೆ ಓದಿ ನಮಗೆಲ್ಲ ಕನ್ನಡದಲ್ಲಿ ಹೇಳಿದರು. "ಇಂಡಿಯಾದಲ್ಲಿ ಒಬ್ಬೊಬ್ಬ ರೈತನ ಹತ್ರಾನೂ ನೇರವಾಗಿ ಕಂದಾಯ ತಗೊಳ್ಳೋ ಪದ್ಧತಿಯಂತೆ. ಎಷ್ಟ್ ಚೆನ್ನಾಗಿದೆ ರೀ ಇದು."

ನನ್ನ ತೋಳಿನ ಮೇಲೆ ರೋಮವೆಲ್ಲ ಎದ್ದು ನಿಂತಿತ್ತು. ಅಕ್ಕ ಅದನ್ನು ಸವರಿ, "ಆರಿಪಿಲೇಸನ್" ಎಂದರು. ಕೆರೆಯ ದಂಡೆಯಲ್ಲಿ ಕಲಿತ ಹಾರಿಪಿಲೇಷನ್ ಅದು, ರೋಮಾಂಚನಕ್ಕೆ ಇಂಗ್ಲಿಷಿನ ಉದ್ದನೆಯ ಹೆಸರು. ಯಜಮಾನರು ಕತ್ತೆತ್ತಿ, "ಏನಂದ್ರಿ?" ಎಂದು ಕೇಳಿದರು. ಅಕ್ಕ ಅರ್ಥ ಬಿಡಿಸಿ ಹೇಳಿದರು. ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

ಮೂರು ಪಟ್ಟು ಮಾಡಿದರೆ ಐವತ್ತನಾಲ್ಕು ಪಾಯಿಂಟು. ಆ ಆಟ ನಮ್ಮದಾಯಿತು. ಒಟ್ಟು ಲೆಕ್ಕದಲ್ಲಿ ಆ ಅಣ್ಣ ತಮ್ಮ ಮೊದಲು, ನಾವು ಎರಡನೆಯವರು. ಬಹುಮಾನವೆಂದು ಒಂದು ಹೂವಿನ ಕುಂಡ ಕೊಟ್ಟರು. ಅಕ್ಕ ಅದನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಫೋಟೋಗೆ ನಿಂತರು.

ಹೊರಡುವಾಗ ಆ ದಂಪತಿ ತಮ್ಮದೇ ಹಲಗೆ, ಬಿಲ್ಲೆಯ ಚೀಲ ಹಿಡಿದುಕೊಂಡು ಗೇಟಿನ ಬಳಿ ಕಾದು ನಿಂತಿದ್ದರು. "ಇನ್ನೊಂದ್ ಆಟ ಆಡೋಣ್ವಾ? ಇಲ್ಲೇ ಬೆಂಚ್ ಮೇಲೆ" ಎಂದರು ಯಜಮಾನರು, ಸ್ವಲ್ಪ ಸಂಕೋಚದಿಂದ. ನಾನು ಅಕ್ಕನ ಮುಖ ನೋಡಿದೆ. ಅವರು ಆಗಲೇ ಕುಂಡವನ್ನು ಕೆಳಗಿಟ್ಟು ಚೀಲಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಮನೆಯಿಂದ ಅಕ್ಕನ ಯಜಮಾನರ ಫೋನು ಬಂತು. "ಸಾರು ಸ್ಟವ್ ಮೇಲೈತೆ, ಬಿಸಿ ಮಾಡ್ಕಂಡು ಉಣ್ಣಿ. ನಾವ್ ಬರೋದು ಲೇಟಾಗ್ತದೆ" ಎಂದು ಹೇಳಿ ಇಟ್ಟುಬಿಟ್ಟರು.

ಈಗ ನಾವು ನಾಲ್ವರು ಸೇರಿ ಆಡುತ್ತೇವೆ. ಒಂದು ಭಾನುವಾರ ಅವರ ಆರ್.ಟಿ. ನಗರದ ಮನೆ, ಮುಂದಿನ ಭಾನುವಾರ ನಮ್ಮ ಕೋಗಿಲು. ಕಳೆದ ವಾರ ಅವರೇ ಬಂದಿದ್ದರು, ಕೆಳಗೆ ಅಕ್ಕನ ಮನೆಯಲ್ಲಿ ಆಟ. ಹಲಗೆಯ ಮೇಲೆ ಯಾರದೋ ಪದದ ಒಂದು ಡಿ ಇತ್ತು. ಅಕ್ಕ ತಮ್ಮ ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡಿ, ಒಂದನ್ನೂ ಉಳಿಸದೆ ಏಳನ್ನೂ ಆ ಡಿ ಕೊನೆಗೆ ಬರುವ ಹಾಗೆ ಜೋಡಿಸಿಟ್ಟರು. ಟ್ಯಾಮರಿಂಡ್. ನಮ್ಮಲ್ಲಿ ಯಾರೂ ಅದುವರೆಗೆ ಒಂದೇ ಸಲಕ್ಕೆ ಏಳೂ ಬಿಲ್ಲೆ ಇಟ್ಟಿರಲಿಲ್ಲ.

"ಉಣ್ಸೆಣ್ಣು" ಎಂದರು ಅಕ್ಕ, ಅನುಮಾನ ಬೇಡ ಎನ್ನುವ ಹಾಗೆ. ಕಾಫಿ ತರುತ್ತೇನೆಂದು ಎದ್ದು ಒಳಗೆ ಹೊರಟರು. ಎರಡು ಹೆಜ್ಜೆ ಹೋಗಿ ಬಾಗಿಲಿನಿಂದ ತಿರುಗಿ ಬಂದರು. ಹಲಗೆಯ ಮೇಲೆ ಬಾಗಿ, ಎಂಟೂ ಅಕ್ಷರಗಳನ್ನು ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಸಕ್ಕರೆ ಯಾರಿಗೆ ಎಷ್ಟು ಎಂದು ಕೇಳಿದರು.